ಅಪ್ಪೆಮಿಡಿ ಹುಡುಕುವವರು ಏನಂತ ಟೈಪ್ ಮಾಡ್ತಾರೆ? – ನನ್ನ ಎಸ್‌ಇಒ ಟಿಪ್ಪಣಿ

ಎಸ್‌ಇಒ (ಜನ ಹುಡುಕಿದಾಗ ಗೂಗಲ್ ನಮ್ಮ ಸೈಟನ್ನು ಮೇಲೆ ತೋರಿಸುವ ಹಾಗೆ ಮಾಡುವ ಕೆಲಸ) ಬಗ್ಗೆ ನನಗೆ ಕೋರ್ಸಿಗಿಂತ ಜಾಸ್ತಿ ಕಲಿಸಿದ್ದು ಒಂದು ಉಪ್ಪಿನಕಾಯಿ ಸೈಟು. ಶಿರಸಿ ಕಡೆ ಇರುವ ನಮ್ಮ ಚಿಕ್ಕಮ್ಮ ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವು) ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಯಾರಿಗೋ ಹೇಳಿ ಸೈಟ್ ಮಾಡಿಸಿದ್ದರು. ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಅದು ಸಿಗುತ್ತಿರಲಿಲ್ಲ. "ಕೊಟ್ಟ ದುಡ್ಡು ದಂಡ ಆತಾ ತಮಾ?" ಎಂದು ಕೇಳಿದರು. ಅಲ್ಲಿಂದ ಶುರುವಾದ ಟಿಪ್ಪಣಿ ಇದು. ನನ್ನ ಜೊತೆ ಕಲಿಯುತ್ತಿರುವವರಿಗೆ ಉಪಯೋಗ ಆಗಬಹುದು.

ಮೊದಲು ಗೂಗಲ್‌ಗೆ ಸೈಟ್ ಗೊತ್ತಿದೆಯಾ?

ಗೂಗಲ್ ಮಾಡುವ ಕೆಲಸ ಮೂರು. ಗೂಗಲ್‌ಬಾಟ್ ಎಂಬ ಪ್ರೋಗ್ರಾಂ ಲಿಂಕ್‌ನಿಂದ ಲಿಂಕ್‌ಗೆ ಹೋಗಿ ಪುಟಗಳನ್ನು ಓದುತ್ತದೆ, ಅದು ಕ್ರಾಲಿಂಗ್. ಓದಿದ್ದನ್ನು ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಜೋಡಿಸಿ ಇಡುತ್ತದೆ, ಅದು ಇಂಡೆಕ್ಸ್. ಯಾರಾದರೂ ಹುಡುಕಿದಾಗ ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುತ್ತದೆ, ಅದು ರ‍್ಯಾಂಕಿಂಗ್. ಎಲ್ಲರೂ ಮೂರನೆಯದರ ಚಿಂತೆ ಮಾಡುತ್ತಾರೆ. ಚಿಕ್ಕಮ್ಮನ ಸೈಟ್ ಮೊದಲನೆಯದನ್ನು ದಾಟಿ ಎರಡನೆಯದರಲ್ಲೇ ನಿಂತಿತ್ತು.

ಕಾರಣ ಕೇಳಿದರೆ ನಗು ಬರುತ್ತದೆ. ಸೈಟ್ ಕಟ್ಟುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ 'ರೀಡಿಂಗ್' ಎಂಬ ಪುಟ ಇದೆ. ಸೈಟನ್ನು ಇಂಡೆಕ್ಸ್ ಮಾಡಬೇಡಿ ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ ಒಂದು ಟಿಕ್ ಅಲ್ಲಿರುತ್ತದೆ. ಸೈಟ್ ಕಟ್ಟುವಾಗ ಡೆವಲಪರ್‌ಗಳು ಅದನ್ನು ಹಾಕಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು, ಅಷ್ಟೇ. ಹಾಗಾಗಿ ಯಾರದ್ದೇ ಸೈಟ್ ಕೈಗೆ ಬಂದರೂ ಮೊದಲು, ಸೈಟ್ ಹುಡುಕಾಟದಲ್ಲಿ ಹೇಗಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ಗೆ ಸೇರಿಸಿ, ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ವಿಳಾಸ ಹಾಕಿ ನೋಡಿ. ಪುಟ ಇಂಡೆಕ್ಸ್‌ನಲ್ಲಿ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಪೂರ್ತಿ ಉಚಿತ.

ಟಿಕ್ ತೆಗೆದರೂ ಇನ್ನೊಂದು ತೊಂದರೆ ಉಳಿದಿತ್ತು. ಬೆಲೆ, ತೂಕ, ಕೊರಿಯರ್ ವಿವರ ಎಲ್ಲ ಒಂದು ಚಂದದ ಪೋಸ್ಟರ್ ಚಿತ್ರದೊಳಗೆ ಇತ್ತು. ಚಿತ್ರದೊಳಗಿನ ಕನ್ನಡವನ್ನು ಗೂಗಲ್ ಓದಿಕೊಳ್ಳುತ್ತದೆ ಎಂದು ನಂಬಿ ಕೂರಬಾರದು. ಹೇಳಬೇಕಾದ್ದು ಪುಟದಲ್ಲಿ ಅಕ್ಷರವಾಗಿಯೇ ಇರಬೇಕು, ಅದೂ ಎಲ್ಲ ಫೋನು, ಕಂಪ್ಯೂಟರ್ ಒಂದೇ ರೀತಿ ಓದುವ ಯೂನಿಕೋಡ್‌ನಲ್ಲಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಗೂಗಲ್‌ಗೆ ಕಾಣುವುದು ಆ ಕಲಸುಮೇಲೋಗರವೇ. ಹಳೆಯ ಫೈಲಿನಿಂದ ಕಾಪಿ ಮಾಡುವ ಮೊದಲು ಕನ್ವರ್ಟರ್‌ನಲ್ಲಿ ಬದಲಾಯಿಸಿಕೊಳ್ಳಿ.

ಕೀವರ್ಡ್ ಎಂದರೆ ಗಿರಾಕಿಯ ಮಾತು

ಜನ ಹುಡುಕುವಾಗ ಟೈಪ್ ಮಾಡುವ ಪದವೇ ಕೀವರ್ಡ್. ನಾನು ಸೇರಿದ್ದ ಒಂದು ಕೋರ್ಸಿನಲ್ಲಿ ಕೀವರ್ಡ್ ಪಾಠ ಶುರುವಾಗಿದ್ದೇ ಮೆಟಾ ಕೀವರ್ಡ್ಸ್ ಟ್ಯಾಗ್‌ನಿಂದ. ಪುಟದ ಕೋಡಿನೊಳಗೆ, ಓದುಗರಿಗೆ ಕಾಣದ ಹಾಗೆ, ಕೀವರ್ಡ್ ಪಟ್ಟಿ ಬರೆದಿಡುವ ಜಾಗ ಅದು. ಒಂದು ದಿನ ಪೂರ್ತಿ ಅದೇ. ವೆಬ್ ಹುಡುಕಾಟದ ರ‍್ಯಾಂಕಿಂಗ್‌ಗೆ ಆ ಟ್ಯಾಗನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ನಿಮಗೂ ಯಾರಾದರೂ ಅದನ್ನು ಕಲಿಸುತ್ತಿದ್ದರೆ ಆ ಹೊತ್ತಿಗೆ ಚಹಾ ಕುಡಿದು ಬನ್ನಿ.

ನಿಜವಾದ ಕೆಲಸ ಬೇರೆಯೇ ಇದೆ: ಒಂದೇ ವಸ್ತುವನ್ನು ಯಾರು ಯಾವ ಹೆಸರಿನಿಂದ ಹುಡುಕುತ್ತಾರೆ ಎಂದು ತಿಳಿಯುವುದು. ಚಿಕ್ಕಮ್ಮನ ಬಾಯಲ್ಲಿ ಈ ಎಳೆ ಮಾವು 'ಅಪ್ಪೆಮಿಡಿ'. ಸಾಗರ, ಸಿದ್ದಾಪುರದವರಿಗೂ ಹಾಗೇ. ಅದರಲ್ಲೂ ಜೀರಿಗೆ ಮಿಡಿ, ಕರ್ಪೂರ ಮಿಡಿ, ಅನಂತಭಟ್ಟನ ಅಪ್ಪೆ ಎಂದೆಲ್ಲ ಬೇರೆ ಬೇರೆ. ಬೆಂಗಳೂರಿನವರು 'ಮಾವಿನ ಮಿಡಿ ಉಪ್ಪಿನಕಾಯಿ' ಎನ್ನುತ್ತಾರೆ, ಟೈಪ್ ಮಾಡುವುದು ಹೆಚ್ಚಾಗಿ ಇಂಗ್ಲಿಷ್ ಲಿಪಿಯಲ್ಲಿ. ಕನ್ನಡ ಬಾರದವರು 'ಟೆಂಡರ್ ಮ್ಯಾಂಗೊ ಪಿಕಲ್' ಎಂದು ಹುಡುಕುತ್ತಾರೆ. ತಮಿಳಿನವರ ನಾಲಿಗೆಗೆ ಬರುವುದು 'ವಡು ಮಾಂಗಾಯ್'. ಅದರ ರುಚಿ, ಹಾಕುವ ರೀತಿ ಬೇರೆಯಾದರೂ ಹುಡುಕುವವರ ಮನಸ್ಸಿನಲ್ಲಿ ಇರುವುದು ಎಳೆ ಮಾವೇ. ಇನ್ನು ಇಂಗ್ಲಿಷ್ ಲಿಪಿಯಲ್ಲಿ ಬರೀ 'ಮಿಡಿ' ಎಂದು ಹಾಕಿದರೆ? ಮೊಣಕಾಲಿನ ಕೆಳಗಿನವರೆಗೆ ಬರುವ ಲಂಗದಂಥ ಉಡುಪೋ, ಕಂಪ್ಯೂಟರ್ ಸಂಗೀತದ ಫೈಲೋ ಎದುರಿಗೆ ಬರುತ್ತದೆ. ಉಪ್ಪಿನಕಾಯಿ ಎಲ್ಲಿ ಬರಬೇಕು!

ಹಾಗಂತ ಎಲ್ಲ ಹೆಸರನ್ನೂ ಒಂದೇ ಸಾಲಿನಲ್ಲಿ ತುರುಕಬೇಡಿ. ಹುಡುಕಾಟದ ಫಲಿತಾಂಶದಲ್ಲಿ ದೊಡ್ಡದಾಗಿ ಕಾಣುವ ಪುಟದ ಟೈಟಲ್‌ನಲ್ಲಿ ಮುಖ್ಯ ಹೆಸರು ಬರಲಿ. ಉಳಿದವು ವಿವರಣೆಯೊಳಗೆ, ಮಾತಿನ ನಡುವೆ ಬರುವ ಹಾಗೆ ಬರಲಿ. ಕನ್ನಡ ಅಕ್ಷರ ಅಗಲ ಜಾಸ್ತಿ, ಫೋನಿನಲ್ಲಿ ಟೈಟಲ್ ಬೇಗ ತುಂಡಾಗುತ್ತದೆ. ಅದಕ್ಕೇ ಮುಖ್ಯ ಪದ ಮೊದಲಲ್ಲಿ ಇರಲಿ. ನಾವು ಕೊಟ್ಟ ಟೈಟಲ್ ಹಿಡಿಸದಿದ್ದರೆ ಗೂಗಲ್ ತಾನೇ ಬೇರೆ ತೋರಿಸುವುದೂ ಉಂಟು.

ವಿಳಾಸದ ಬಗ್ಗೆ ಒಂದು ಮಾತು. ಯುಆರ್‌ಎಲ್‌ನಲ್ಲಿ ಕನ್ನಡ ಬಳಸಿದರೆ ತಪ್ಪೇನಿಲ್ಲ, ಗೂಗಲ್ ಓದುತ್ತದೆ. ಆದರೆ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ 'ಮಿಡಿ' ಎಂಬ ಎರಡಕ್ಷರ ಶೇಕಡಾ ಚಿಹ್ನೆಗಳಿರುವ 36 ಅಕ್ಷರದ ಬಾಲ ಆಗಿಬಿಡುತ್ತದೆ. ನೋಡಿದವರು ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ನಾನು ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲೇ ಇಟ್ಟೆ.

ಏನು ಬರೆಯಬೇಕು?

ಕಂಟೆಂಟ್ ಮಾರ್ಕೆಟಿಂಗ್ (ಉಪಯೋಗದ ಬರಹ ಕೊಟ್ಟು ಗಿರಾಕಿಗಳನ್ನು ಸೆಳೆಯುವುದು) ಎಂದರೆ ದಿನಕ್ಕೊಂದು ಲೇಖನ ಹಾಕುವುದು ಎಂದು ನಾನೂ ಅಂದುಕೊಂಡಿದ್ದೆ. ಆ ಅಭಿಪ್ರಾಯ ಬದಲಾಗಿದ್ದು ಅಮೆರಿಕದ ವರ್ಜೀನಿಯಾದ ಒಂದು ಈಜುಕೊಳದ ಕಂಪನಿಯ ಕಥೆ ಓದಿದಾಗ. ರಿವರ್ ಪೂಲ್ಸ್ ಆ್ಯಂಡ್ ಸ್ಪಾಸ್ ಅದರ ಹೆಸರು. 2008ರ ಆರ್ಥಿಕ ಕುಸಿತದಲ್ಲಿ ಮುಳುಗುವ ಹಂತಕ್ಕೆ ಬಂದಿತ್ತು. ಪಾಲುದಾರ ಮಾರ್ಕಸ್ ಶೆರಿಡನ್, ಗಿರಾಕಿಗಳು ಕೇಳುವ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿ ಒಂದೊಂದಕ್ಕೂ ಸೈಟಿನಲ್ಲಿ ಉತ್ತರ ಬರೆಯತೊಡಗಿದರು. ಅದರಲ್ಲಿ ಮುಖ್ಯವಾದದ್ದು 'ಫೈಬರ್‌ಗ್ಲಾಸ್ ಈಜುಕೊಳಕ್ಕೆ ಎಷ್ಟು ಖರ್ಚಾಗುತ್ತದೆ?' ಎಂಬ ಪ್ರಶ್ನೆ. ಆ ವ್ಯಾಪಾರದಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇವರು ಹೇಳಿದರು. ಒಂದೇ ಸಂಖ್ಯೆ ಕೊಡಲಿಲ್ಲ, ಯಾವುದರಿಂದ ಬೆಲೆ ಏರುತ್ತದೆ, ಯಾವುದರಿಂದ ಇಳಿಯುತ್ತದೆ ಎಂದು ಬಿಡಿಸಿ ಬರೆದರು. ಆ ಒಂದು ಬರಹದಿಂದಲೇ ಹತ್ತು ಲಕ್ಷ ಡಾಲರಿಗೂ ಮೀರಿ ವ್ಯಾಪಾರ ಆಯಿತು ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ.

ಇದನ್ನು ಓದಿದ ಮೇಲೆ ಚಿಕ್ಕಮ್ಮನಿಗೆ ಒಂದು ನೋಟ್‌ಬುಕ್ ಕೊಟ್ಟೆ. ಫೋನಿನಲ್ಲಿ ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಬರೆದಿಡಿ ಎಂದೆ. ಬಂದ ಪ್ರಶ್ನೆಗಳು ಹೀಗಿದ್ದವು: ಎಣ್ಣೆ ಹಾಕ್ತೀರಾ? ಫ್ರಿಜ್‌ನಲ್ಲಿ ಇಡಬೇಕಾ? ಮಿಡಿ ಯಾಕೆ ಇಷ್ಟು ಸುಕ್ಕಾಗಿದೆ, ಹಳೇದಾ? ಮುಂದಿನ ವರ್ಷದವರೆಗೆ ಇರುತ್ತಾ? ಬೇರೆ ಉಪ್ಪಿನಕಾಯಿಗಿಂತ ಯಾಕೆ ಇಷ್ಟು ದುಬಾರಿ?

ಒಂದು ಟೂಲ್ ಕೂಡ ಇಷ್ಟು ಒಳ್ಳೆಯ ಪಟ್ಟಿ ಕೊಡುವುದಿಲ್ಲ. ಉತ್ತರಗಳೂ ಅವರ ಹತ್ತಿರವೇ ಇದ್ದವು. ಅವರ ಮಿಡಿಗೆ ಎಣ್ಣೆ ಇಲ್ಲ. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ನೀರು ಬಿಟ್ಟು ಚಿರುಟುತ್ತದೆ, ಸುಕ್ಕಾಗುವುದು ಅದಕ್ಕೇ. ಮೆಣಸು, ಸಾಸಿವೆಯ ಮಸಾಲೆಗೂ ಆ ಉಪ್ಪುನೀರೇ. ಎತ್ತರದ ಮರ ಹತ್ತಿ, ನೆಲಕ್ಕೆ ಬೀಳದ ಹಾಗೆ, ತೊಟ್ಟಿನ ಸಮೇತ ಕೊಯ್ಯಬೇಕು, ಇಲ್ಲದಿದ್ದರೆ ಸೊನೆ ಹೋಗಿ ಪರಿಮಳವೂ ಹೋಗುತ್ತದೆ. ಬೆಲೆ ಜಾಸ್ತಿ ಯಾಕೆ ಎಂಬುದಕ್ಕೆ ಅದೇ ಉತ್ತರ. ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಗೆ 2022ರ ಡಿಸೆಂಬರ್‌ನಲ್ಲಿ 'ಅನುಭವ' ಎಂಬುದನ್ನೂ ಸೇರಿಸಿತು. ಬರೆದವರು ಆ ಕೆಲಸವನ್ನು ಕೈಯಾರೆ ಮಾಡಿದ್ದಾರಾ ಎಂಬುದು ಅದರ ಅರ್ಥ. ಮರ ಹತ್ತುವವರ ಫೋಟೊ, ಭರಣಿಯ ಫೋಟೊ ಎಲ್ಲ ಚಿಕ್ಕಮ್ಮನ ಫೋನಿನಲ್ಲೇ ಇತ್ತು. ಎಲ್ಲಿಂದಲೋ ತಂದ ಚಿತ್ರ ಬೇಕಾಗಲೇ ಇಲ್ಲ. ಫೋನಿನ ಫೋಟೊಗಳನ್ನು ಕುಗ್ಗಿಸಿ ಹಾಕಿ. ಪುಟ ತೆರೆದಾಗ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ.

ಇದರ ಉಲ್ಟಾ ದಾರಿಯೂ ಇದೆ. ಊರಿನ ಹೆಸರು ಮಾತ್ರ ಬದಲಿಸಿ 'ಮೈಸೂರಿನಲ್ಲಿ ಮಿಡಿ', 'ಹುಬ್ಬಳ್ಳಿಯಲ್ಲಿ ಮಿಡಿ' ಎಂದು ನೂರು ಪುಟ ಹುಟ್ಟಿಸುವುದು. ಎಐ ಬಂದ ಮೇಲೆ ಇದು ಒಂದು ಸಂಜೆಯ ಕೆಲಸ. 2024ರ ಮಾರ್ಚ್‌ನಲ್ಲಿ ಗೂಗಲ್ ಇಂಥ ಸಗಟು ಪುಟಗಳ ಮೇಲೆ ಹೊಸ ಸ್ಪ್ಯಾಮ್ ನಿಯಮ ತಂದಿದೆ. ಬರೆದದ್ದು ಮನುಷ್ಯರಾ, ಯಂತ್ರವಾ ಎಂದು ಅದು ಕೇಳುವುದಿಲ್ಲ. ರ‍್ಯಾಂಕಿಂಗ್‌ಗೋಸ್ಕರ ರಾಶಿ ಹಾಕಿದ್ದಾರಾ ಎಂದು ನೋಡುತ್ತದೆ.

ಲಿಂಕ್ ಖರೀದಿಯೂ ಬೇಡ. ಬೇರೆ ಸೈಟುಗಳು ಕೊಡುವ ಲಿಂಕನ್ನು ಒಂದು ಬಗೆಯ ಶಿಫಾರಸು ಎಂದು ಎಣಿಸುವ ಪೇಜ್‌ರ‍್ಯಾಂಕ್‌ನಿಂದಲೇ 1998ರಲ್ಲಿ ಗೂಗಲ್ ಶುರುವಾಗಿದ್ದು ನಿಜ. ಆದರೆ 2011ರಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿ ಜೆಸಿ ಪೆನ್ನಿಯ ಸೈಟಿಗೆ ದುಡ್ಡಿನ ಲಿಂಕ್‌ಗಳಿವೆ ಎಂದು ನ್ಯೂಯಾರ್ಕ್ ಟೈಮ್ಸ್ ಪತ್ತೆ ಮಾಡಿ ಗೂಗಲ್‌ಗೆ ತಿಳಿಸಿದ ಮೇಲೆ, ಒಂದು ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಅದು ಎರಡೇ ಗಂಟೆಯಲ್ಲಿ 71ನೇ ಸ್ಥಾನಕ್ಕೆ ಬಿತ್ತು. ಅಂಥವರಿಗೇ ಹೀಗಾದರೆ ನಮ್ಮ ಪಾಡೇನು, ಅಲ್ವಾ?

ಸೀಸನ್ ಮುಗಿದ ಮೇಲೆ

ಮಿಡಿ ವರ್ಷಕ್ಕೊಮ್ಮೆ ಬರುವ ಬೆಳೆ. ಸ್ಟಾಕ್ ಖಾಲಿ ಆದ ಕೂಡಲೇ ಚಿಕ್ಕಮ್ಮ ಪುಟವನ್ನೇ ಅಳಿಸಿ, ಮರುವರ್ಷ ಹೊಸದು ಮಾಡಿಸುವ ಯೋಚನೆಯಲ್ಲಿದ್ದರು. ನಾನು ತಡೆದೆ. ಹಳೆಯ ವಿಳಾಸಕ್ಕೆ ಬಂದ ಲಿಂಕು, ಅದು ಗಳಿಸಿದ ಜಾಗ ಎಲ್ಲ ಸುಮ್ನೆ ಹೋಗುತ್ತದೆ. ಪುಟ ಅಲ್ಲೇ ಇರಲಿ, 'ಈ ವರ್ಷದ್ದು ಮುಗಿದಿದೆ, ಮುಂದಿನ ಸಲಕ್ಕೆ ಹೆಸರು ಬರೆಸಿ' ಎಂಬ ಒಂದು ಸಾಲು ಸಾಕು.

ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಹಾಗಾಗಿ ಕಳೆದ ಸೀಸನ್ನನ್ನು ಈ ಸೀಸನ್ ಜೊತೆ ಹೋಲಿಸಬಹುದು. ಜನ ಯಾವ ಪದ ಹಾಕಿ ಬಂದರು, ಎಷ್ಟು ಸಲ ಕಾಣಿಸಿಕೊಂಡೆವು, ಎಷ್ಟು ಜನ ಒತ್ತಿದರು ಎಲ್ಲ ಸಿಗುತ್ತದೆ. ತುಂಬ ಸಲ ಕಂಡರೂ ಯಾರೂ ಒತ್ತದ ಪದ ಇದ್ದರೆ ಮೊದಲು ಟೈಟಲ್ ತಿದ್ದಿ ನೋಡಿ.

ನೋಟ್‌ಬುಕ್‌ನಲ್ಲಿ ಮೊನ್ನೆ ಹೊಸ ಸಾಲು ಸೇರಿದೆ: "ಉಪ್ಪು ಕಮ್ಮಿ ಇರೋ ಮಿಡಿ ಸಿಗುತ್ತಾ? ನಮ್ಮ ಮನೆಯವರಿಗೆ ಬಿಪಿ." ಉಪ್ಪು ಕಮ್ಮಿ ಮಾಡಿದರೆ ಮಿಡಿ ಉಳಿಯುವುದಿಲ್ಲ ಎನ್ನುತ್ತಾರೆ ಚಿಕ್ಕಮ್ಮ. ಅದನ್ನೇ ಹಾಗೇ ಬರೆಯೋಣ ಎಂದೆ. "ಬರಿ, ಆದ್ರೆ ಅರ್ಧ ಮಿಡಿ ತಿನ್ನಲೆ ಅಡ್ಡಿಲ್ಲೆ ಹೇಳೂ ಬರಿ" ಎಂದರು.