ಕಾರ್ಡ್ ಬರ್ತಿಲ್ಲವೋ, ನಿದ್ದೆ ಬರ್ತಿಲ್ಲವೋ?

ಬನಶಂಕರಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಬರುವ ಪೋಕರ್ (ದುಡ್ಡು ಕಟ್ಟಿ ಆಡುವ ಇಸ್ಪೀಟು) ಆಟಗಾರರು ಶುರು ಮಾಡುವುದೇ ಹೀಗೆ: "ಮೇಡಂ, ಕಾರ್ಡೇ ಬರ್ತಿಲ್ಲ." ನಾನು ಕೇಳುತ್ತೇನೆ, "ನಿದ್ದೆ ಬರ್ತಿದೆಯಾ?"

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳು ನಿಂತವು. ಮನೆಯವರು ಉಸ್ಸಪ್ಪಾ ಅಂದರು. ಆದರೆ ಕೆಲವರು ಈಗ ಕ್ಯಾಸಿನೋದಲ್ಲಿ ಆಡಲು ಶುಕ್ರವಾರ ರಾತ್ರಿ ಗೋವಾ ಬಸ್ಸು ಹತ್ತುತ್ತಾರೆ. ಬಸ್ಸಲ್ಲಿ ಅರೆನಿದ್ದೆ. ಶನಿವಾರ ಮಧ್ಯಾಹ್ನ ಟೇಬಲ್‌ಗೆ ಕೂತರೆ ಏಳುವುದು ಭಾನುವಾರ ಬೆಳಗಿನ ಜಾವ. ಯಾಕಪ್ಪಾ ಅಂದರೆ, "ಅಷ್ಟು ದೂರ ಹೋಗಿ ಬೇಗ ಎದ್ದರೆ ಬಸ್ ಚಾರ್ಜೂ ದಂಡ ಅಲ್ವಾ?" ನನಗೆ ಸೋಲಿಗಿಂತ ಈ ಲೆಕ್ಕದ್ದೇ ಜಾಸ್ತಿ ಭಯ.

ಆಟದ ಲೆಕ್ಕವೇ ಬೇರೆ. ನಿಮ್ಮ ಕೈಲಿ ಎರಡು ಎಕ್ಕ, ಎದುರಿನವನ ಕೈಲಿ ಎರಡು ರಾಜ. ಆದರೂ ಐದು ಸಲಕ್ಕೆ ಹತ್ತಿರಹತ್ತಿರ ಒಂದು ಸಲ ಅವನೇ ಗೆಲ್ಲುತ್ತಾನೆ. ಎದುರುಬದುರು ಕೂತು ಆಡುವಾಗ ಗಂಟೆಗೆ 25-30 ಹ್ಯಾಂಡ್ (ಕಾರ್ಡ್ ಹಂಚಿ ಆಡುವ ಒಂದೊಂದು ಸುತ್ತು) ನಡೆದರೆ ಹೆಚ್ಚು. ಹತ್ತು ಗಂಟೆ ಕೂತರೂ 300. ನಿಮ್ಮ ಆಟ ಗಟ್ಟಿಯೋ ಜೊಳ್ಳೋ ತಿಳಿಯಲು ಹತ್ತಾರು ಸಾವಿರ ಹ್ಯಾಂಡ್ ಬೇಕು. ಹೀಗಿರುವಾಗ ಸೋತಿದ್ದು ಇವತ್ತೇ ವಾಪಸ್ ಬರಬೇಕು ಅನ್ನೋದು ದಣಿದ ತಲೆಯ ಹಟ. ಆಟಗಾರರು ಇದನ್ನು 'ಟಿಲ್ಟ್' ಅನ್ನುತ್ತಾರೆ. ಗುಂಡು ಚಿಮ್ಮಿಸಿ ಆಡುವ ಹಳೇ ಪಿನ್‌ಬಾಲ್ ಯಂತ್ರದಿಂದ ಬಂದ ಮಾತು. ಜೋರಾಗಿ ಅಲ್ಲಾಡಿಸಿದರೆ ಯಂತ್ರ 'ಟಿಲ್ಟ್' ಅಂತ ತೋರಿಸಿ ಆಟ ನಿಲ್ಲಿಸಿಬಿಡುತ್ತಿತ್ತು. ಮನುಷ್ಯ ನಿಲ್ಲಿಸಲ್ಲ, ಎಟಿಎಂ ಹುಡುಕುತ್ತಾನೆ.

ಒಬ್ಬ ಹುಡುಗನಿಗೆ ನೋಟ್‌ಬುಕ್ ಕೊಟ್ಟೆ. ಕೂತ ಹೊತ್ತು, ಎದ್ದ ಹೊತ್ತು, ಹಿಂದಿನ ರಾತ್ರಿ ನಿದ್ದೆ, ಊಟ, ಆಮೇಲೆ 'ಥೂ, ಇದನ್ನ ಯಾಕೆ ಆಡಿದೆ' ಅನ್ನಿಸಿದ ಹ್ಯಾಂಡ್‌ಗಳು. ದುಡ್ಡು ಮಾತ್ರ ಬರೀಬೇಡ ಅಂದೆ. ಮೂರು ತಿಂಗಳು ಬಿಟ್ಟು ತಂದ. ಊಟದ ಕಡೆ ಐದು ಸಲ 'ಕಾಫಿ' ಅಂತ ಬರೆದಿದ್ದ. 'ಥೂ' ಹ್ಯಾಂಡ್‌ಗಳು ಹೆಚ್ಚೂಕಡಿಮೆ ಎಲ್ಲವೂ ಐದನೇ ಗಂಟೆ ದಾಟಿದ ಮೇಲಿನವು. ಇನ್ನೊಂದು ತಮಾಷೆ ನೋಡಿ. ಗೆಲ್ಲುತ್ತಿದ್ದ ದಿನ ಎರಡೇ ಗಂಟೆಗೆ ಎದ್ದಿದ್ದ, ಸೋಲುತ್ತಿದ್ದ ದಿನ ಹನ್ನೊಂದು ಗಂಟೆ ಕೂತಿದ್ದ. ತಲೆ ಚುರುಕಾಗಿದ್ದಾಗ ಕಡಿಮೆ, ಮಂಕಾದಾಗ ಜಾಸ್ತಿ! ನಾನು ಏನೂ ಹೇಳಬೇಕಾಗಲಿಲ್ಲ. ಅವನೇ ಪುಟ ತಿರುವುತ್ತಾ ನಕ್ಕ.

ಈಗ ಕೂತು ನಾಲ್ಕೂವರೆ ಗಂಟೆ ಆಯಿತೆಂದರೆ ಫೋನ್ ಅಲಾರಂ. ಗೆದ್ದಿರಲಿ, ಸೋತಿರಲಿ, ಏಳುತ್ತಾನೆ. ಒಂದೂವರೆ ಗಂಟೆಗೊಮ್ಮೆ ಹೊರಗೆ ಹೋಗಿ ಹತ್ತು ನಿಮಿಷ ಸುಮ್ನೆ ನಡೆದು ಬರುತ್ತಾನೆ. ಹೋದ ದಿನವೇ ಆಡುವುದಿಲ್ಲ, ರೂಮಲ್ಲಿ ಮಲಗುತ್ತಾನೆ. ತಿಂಗಳಿಗೆ ಒಂದು ವಾರಾಂತ್ಯ ಅಷ್ಟೇ.

ಆದರೆ ಸಾಲ ಮಾಡಿ ಆಡುವವರಿಗೆ, ಮನೆಯಲ್ಲಿ ಸುಳ್ಳು ಹೇಳಿ ಹೋಗುವವರಿಗೆ ನಾನು ನೋಟ್‌ಬುಕ್ ಕೊಡುವುದಿಲ್ಲ. ಅದು ದಣಿವಲ್ಲ, ಚಟ. ಅದಕ್ಕೆ ಚಿಕಿತ್ಸೆಯೇ ಬೇಕು. ಎಲ್ಲಿಂದ ಶುರು ಮಾಡೋದು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ.