ಉಚಿತ ಜಾಲತಾಣಗಳಿಂದ ಮಗಳಿಗೆ ಭಿನ್ನರಾಶಿ ಕಲಿಸಬಹುದೇ?

ಪ್ರಶ್ನೆ: ನಾವು ಮುಂಬೈ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಮಗಳು ಐದನೇ ತರಗತಿ, ಇಂಗ್ಲಿಷ್ ಮಾಧ್ಯಮ. ಭಿನ್ನರಾಶಿ ಎಂದರೆ ಅಳುಮುಖ. ನಾನು ಕಚೇರಿಯಿಂದ ಲೋಕಲ್ ಹಿಡಿದು ಮನೆ ಸೇರುವಾಗ ಎಂಟಾಗುತ್ತದೆ. ಟ್ಯೂಷನ್‌ಗೆ ಹಾಕುವ ಬದಲು ಉಚಿತ ಜಾಲತಾಣಗಳಲ್ಲಿ ಆಡಿಸಿಯೇ ಕಲಿಸಬಹುದೇ?

ಉತ್ತರ: ಕಲಿಸಬಹುದು, ಆದರೆ ಪಕ್ಕದಲ್ಲಿ ನೀವು ಕೂತರೆ. ಮೊಬೈಲ್ ಕೈಗೆ ಕೊಟ್ಟು ಅಡುಗೆಮನೆಗೆ ಹೋದರೆ ಮಗು ಕಲಿಯುವುದು ಗುಂಡಿ ಒತ್ತುವುದನ್ನು ಮಾತ್ರ. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಿದರೆ ನಾಣ್ಯ ಉದುರುವ ಆಟಗಳನ್ನು ನಾನಂತೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಮಗಳಿಗೆ ಸದ್ಯಕ್ಕೆ ‘ಫೆಟ್’ (PhET) ಒಂದೇ ಸಾಕು. ಗಣಿತ, ವಿಜ್ಞಾನವನ್ನು ಪರದೆಯ ಮೇಲೆ ಎಳೆದಾಡಿ ಕಲಿಯುವ ಜಾಲತಾಣ ಅದು. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು. ಶುಲ್ಕವಿಲ್ಲ, ಖಾತೆಯೂ ಬೇಕಿಲ್ಲ. ಒಮ್ಮೆ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ‘ಫ್ರ್ಯಾಕ್ಷನ್ಸ್: ಇಂಟ್ರೊ’ ತೆರೆದು ‘ಲ್ಯಾಬ್’ ವಿಭಾಗಕ್ಕೆ ಹೋಗಿ.

1/2 + 1/3 ಎಷ್ಟು ಎಂದು ಕೇಳಿ, ಉತ್ತರವನ್ನು ಮೊದಲು ನೋಟ್‌ಬುಕ್‌ನಲ್ಲಿ ಬರೆಸಿ. ಬಹಳಷ್ಟು ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎಂದು ಬರೆಯುತ್ತಾರೆ. ನಿಮ್ಮವಳೂ ಬರೆದರೆ ತಪ್ಪು ಎನ್ನಬೇಡಿ. ಅರ್ಧದ ತುಂಡನ್ನೂ ಮೂರರಲ್ಲೊಂದರ ತುಂಡನ್ನೂ ಒಂದೇ ಪಟ್ಟಿಯೊಳಗೆ ಅವಳೇ ಎಳೆದು ಹಾಕಲಿ. ಪಟ್ಟಿ ಬಹುಪಾಲು ತುಂಬುತ್ತದೆ. 2/5 ಆದರೋ ಅರ್ಧಕ್ಕಿಂತಲೂ ಕಡಿಮೆ! ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ? ಈ ಗೊಂದಲ ಅವಳಿಗೇ ಹೊಳೆಯುವ ತನಕ ಬಾಯಿ ಬಿಡಬೇಡಿ. (ನಮ್ಮಂಥವರಿಗೆ ಭಿನ್ನರಾಶಿಗಿಂತ ಇದೇ ಕಷ್ಟ.) ಉಳಿದ ಖಾಲಿ ಜಾಗಕ್ಕೆ ಯಾವ ತುಂಡು ಸರಿಹೊಂದುತ್ತದೆ ಎಂದು ಹುಡುಕಿಸಿ. 1/4 ದೊಡ್ಡದಾಯಿತು, 1/8 ಸಾಲದು, 1/6 ಅಳತೆ ಮಾಡಿಟ್ಟಂತೆ ಕೂರುತ್ತದೆ. ಹಾಗಾದರೆ ತುಂಬಿದ್ದು 5/6. ಅರ್ಧದಲ್ಲಿ ಇಂಥ 1/6ರ ತುಂಡುಗಳು ಎಷ್ಟು, ಮೂರರಲ್ಲೊಂದರಲ್ಲಿ ಎಷ್ಟು ಎಂದು ಎಣಿಸಿದರೆ 3/6 ಮತ್ತು 2/6. ಲ.ಸಾ.ಅ. (ಶಾಲೆಯಲ್ಲಿ ಹೇಳುವ ಎಲ್‌ಸಿಎಂ) ಏಕೆ ಬೇಕು ಎಂಬುದು ಅಲ್ಲಿಗೆ ಕಣ್ಣಿಗೇ ಕಾಣುತ್ತದೆ. ಅದೇ ಲೆಕ್ಕವನ್ನು ಕೂಡಲೇ ಕಾಗದದ ಮೇಲೆ ಪಟ್ಟಿ ಬರೆದು ಮಾಡಿಸಿ. ಪರೀಕ್ಷೆಯಲ್ಲಿ ಎಳೆಯಲು ತುಂಡುಗಳಿರುವುದಿಲ್ಲ.

ಅಭ್ಯಾಸದ ಲೆಕ್ಕಗಳಿಗೆ ಖಾನ್ ಅಕಾಡೆಮಿ ಇದೆ, ಅದೂ ಉಚಿತ. ಕನ್ನಡದಲ್ಲೂ ಗಣಿತದ ಪಾಠಗಳಿರುವುದರಿಂದ ಮುಂಬೈ ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಮಕ್ಕಳಿಗೂ ಉಪಯೋಗ. ಆಕೃತಿ ಬರೆದು ಎಳೆದಾಡಬಹುದಾದ ಜಿಯೋಜೀಬ್ರಾ ತಾಣವನ್ನು ರೇಖಾಗಣಿತ ಜೋರಾಗುವ ತರಗತಿಗಳಿಗೆ ಇಟ್ಟುಕೊಳ್ಳಿ: ತ್ರಿಭುಜದ ಮೂಲೆಯನ್ನು ಎತ್ತ ಎಳೆದರೂ ಕೋನಗಳ ಮೊತ್ತ 180 ಡಿಗ್ರಿಯೇ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ, ಜಾಲತಾಣಗಳ ಹಳೆಯ ಪಟ್ಟಿಗಳನ್ನು ನಂಬಬೇಡಿ. 2020ರ ಕೊನೆಗೆ ಬ್ರೌಸರ್‌ನಲ್ಲಿ ಆಟಗಳನ್ನು ನಡೆಸುತ್ತಿದ್ದ ಅಡೋಬಿ ಫ್ಲ್ಯಾಶ್ ತಂತ್ರಾಂಶ ನಿಂತಾಗ ಅದನ್ನೇ ನೆಚ್ಚಿದ್ದ ಎಷ್ಟೋ ಗಣಿತದ ಆಟಗಳು ಮುಚ್ಚಿಹೋದವು.

ಎಂಟು ಗಂಟೆಗೆ ಬಂದವರಿಗೆ ದಿನವೂ ಇದು ಆಗದ ಮಾತು. ವಾರಕ್ಕೆರಡು ದಿನ, ಊಟದ ಮುಂಚೆ, ಒಂದೇ ಲೆಕ್ಕ. ಅಷ್ಟಕ್ಕೂ ಬಿಡುವಾಗದಿದ್ದರೆ ಟ್ಯೂಷನ್‌ಗೆ ಹಾಕಿ. ಆದರೆ ಭಿನ್ನರಾಶಿಯನ್ನು ಚಿತ್ರ ಬರೆದು ಹೇಳಿಕೊಡುತ್ತಾರೋ, ಸೂತ್ರ ಬಾಯಿಪಾಠ ಮಾಡಿಸುತ್ತಾರೋ ಎಂದು ಸೇರಿಸುವ ಮೊದಲೇ ವಿಚಾರಿಸಿ.