ದಣಿದವರನ್ನೇ 'ದಣಿವಾಯಿತಾ' ಎಂದು ಕೇಳಬಾರದು

ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಚಾಲಕರಿಗೆ ನಾಲ್ಕೇ ನಾಲ್ಕು ಸೆಕೆಂಡು ತೂಕಡಿಕೆ ಬಂದರೂ ಸಾಕು, ಲಾರಿ ಹೆಚ್ಚುಕಡಿಮೆ 90 ಮೀಟರ್ ಯಾರ ಹಿಡಿತವೂ ಇಲ್ಲದೆ ಹೋಗಿರುತ್ತದೆ. ಇದಕ್ಕೆ ಮೈಕ್ರೋಸ್ಲೀಪ್ ಎನ್ನುತ್ತಾರೆ. ಆಗ ಕಣ್ಣು ತೆರೆದೇ ಇರಬಹುದು. ಆಮೇಲೆ ಕೇಳಿದರೆ 'ನಾನೆಲ್ಲಿ ನಿದ್ದೆ ಮಾಡಿದೆ?' ಎನ್ನುತ್ತಾರೆ. ಅದು ಸುಳ್ಳಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಿರುವುದಿಲ್ಲ.

ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ ಎಂದು 1982ರಲ್ಲಿ ಅಲೆಕ್ಸಾಂಡರ್ ಬೊರ್ಬೆಲಿ ಎಂಬ ವಿಜ್ಞಾನಿ ವಿವರಿಸಿದರು. ಮೊದಲನೆಯದು ನಿದ್ದೆಯ ಒತ್ತಡ. ಎದ್ದ ಗಳಿಗೆಯಿಂದಲೇ ಅದು ಏರುತ್ತಾ ಹೋಗುತ್ತದೆ. ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಜಮೆಯಾಗುವುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ನಿದ್ದೆ ಮಾಡಿದರೆ ಮಾತ್ರ ಅದು ಸರಿಯಾಗಿ ಇಳಿಯುತ್ತದೆ. ಎರಡನೆಯದು ಮೈಯೊಳಗಿನ ಗಡಿಯಾರ. ಎಷ್ಟೇ ಚೆನ್ನಾಗಿ ಮಲಗಿ ಎದ್ದಿರಲಿ, ರಾತ್ರಿ 2ರಿಂದ ಬೆಳಗಿನ 6 ಗಂಟೆಯವರೆಗೆ ಈ ಗಡಿಯಾರ ನಮ್ಮನ್ನು ನಿದ್ದೆಯ ಕಡೆಗೇ ಎಳೆಯುತ್ತದೆ. ಮಧ್ಯಾಹ್ನ ಊಟದ ಹೊತ್ತಿನ ನಂತರವೂ ಸ್ವಲ್ಪ ಎಳೆಯುತ್ತದೆ. ಬೆಳಿಗ್ಗೆಯಿಂದ ಎಚ್ಚರವಿದ್ದ ಚಾಲಕರು ರಾತ್ರಿ 3 ಗಂಟೆಗೆ ಸ್ಟಿಯರಿಂಗ್ ಹಿಡಿದಿದ್ದಾರೆ ಎಂದರೆ ಎರಡೂ ಒಟ್ಟಿಗೆ ಎಳೆಯುತ್ತಿವೆ ಎಂದರ್ಥ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಅಲ್ಲಿ ಮನಸ್ಸಿನ ಗಟ್ಟಿತನ ಹೆಚ್ಚು ಹೊತ್ತು ನಡೆಯುವುದಿಲ್ಲ.

ಇಲ್ಲಿಯವರೆಗಿನದು ಬಹಳ ಜನರಿಗೆ ಅಂದಾಜಿರುತ್ತದೆ. ಅಂದಾಜಿಲ್ಲದ ಸಂಗತಿ ಬೇರೆ ಇದೆ. 2003ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಆರೋಗ್ಯವಂತರನ್ನು ಗುಂಪು ಮಾಡಿ, ಕೆಲವರಿಗೆ ದಿನಕ್ಕೆ 8 ಗಂಟೆ, ಕೆಲವರಿಗೆ 6, ಇನ್ನು ಕೆಲವರಿಗೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. ಹೀಗೆ 14 ದಿನ. ಆರು ಗಂಟೆ ಮಲಗಿದವರ ಎಚ್ಚರ ದಿನದಿಂದ ದಿನಕ್ಕೆ ಕುಸಿಯುತ್ತಾ ಹೋಯಿತು. ಕೊನೆಗೆ ಅವರು ಒಂದು ಇಡೀ ರಾತ್ರಿ ನಿದ್ದೆಗೆಟ್ಟವರ ಹಾಗೆ ತಪ್ಪು ಮಾಡುತ್ತಿದ್ದರು. 'ನಿದ್ದೆ ಬರ್ತಿದೆಯಾ?' ಎಂದು ಕೇಳಿದಾಗ ಮಾತ್ರ ಉತ್ತರ ಬೇರೆ. ಮೊದಲ ಕೆಲವು ದಿನ ಏರಿದ ಮಂಪರು ಆಮೇಲೆ ಹೆಚ್ಚೇನೂ ಏರಲಿಲ್ಲ ಎಂದೇ ಅವರು ಹೇಳುತ್ತಿದ್ದರು. ಮೈಗೆ ಅಭ್ಯಾಸವಾಗಿದೆ ಅನ್ನಿಸಿತ್ತು. ಅಭ್ಯಾಸವಾಗಿರಲಿಲ್ಲ.

ಆರು ಗಂಟೆ ನಿದ್ದೆ ನಮ್ಮಲ್ಲಿ ಎಷ್ಟೋ ಜನರಿಗೆ ಮಾಮೂಲು, ಅಲ್ವಾ? ದೂರದ ಓಟದ ಚಾಲಕರಿಗೆ ಅದೂ ಸಿಗುವುದಿಲ್ಲ. ಅಮೆರಿಕ ಮತ್ತು ಕೆನಡಾದ 80 ಟ್ರಕ್ ಚಾಲಕರ ನಿದ್ದೆಯನ್ನು ಉಪಕರಣ ಹಚ್ಚಿ ಅಳೆದಿದ್ದರು. 1997ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಸರಾಸರಿ ಸಿಕ್ಕ ನಿದ್ದೆ ದಿನಕ್ಕೆ 5 ಗಂಟೆಯೂ ಇರಲಿಲ್ಲ.

ಅದೇ ವರ್ಷ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಇನ್ನೊಂದು ಸಂಗತಿ ತೋರಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ಎಷ್ಟೋ ದೇಶಗಳಲ್ಲಿ ಕಾನೂನಿನ ಮಿತಿ ಇರುವುದೇ ಅಷ್ಟು. ಕುಡಿದು ಬಂದವರಿಗೆ 'ಓಡಿಸ್ತೀರಾ?' ಎಂದು ಕೇಳಿ, ಹೌದೆಂದರೆ ಕೀ ಕೊಡುವ ಕಂಪನಿ ಇರಲಾರದು. ದಣಿದವರಿಗೆ ಮಾತ್ರ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ನಂಬಿ ಕೀ ಕೊಡುತ್ತೇವೆ.

ಕಿಟಕಿ ತೆರೆಯುವುದು, ಹಾಡಿನ ಸದ್ದು ಏರಿಸುವುದು ಇವೆಲ್ಲ ಎಲ್ಲರಿಗೂ ಗೊತ್ತಿರುವ ಉಪಾಯಗಳು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ 1990ರ ದಶಕದಲ್ಲಿ ಇವನ್ನು ಪರೀಕ್ಷಿಸಿದರು. ತಣ್ಣನೆ ಗಾಳಿಯಿಂದ, ರೇಡಿಯೋದಿಂದ ಸಿಕ್ಕಿದ್ದು ಸ್ವಲ್ಪ ಹೊತ್ತಿನ, ಸಣ್ಣ ಲಾಭ ಅಷ್ಟೆ. ಕೆಲಸಕ್ಕೆ ಬಂದದ್ದು ಕಾಫಿ ಮತ್ತು ಪುಟ್ಟ ನಿದ್ದೆ, ಅದರಲ್ಲೂ ಎರಡೂ ಜೊತೆಯಾಗಿ. ಕೆಫೀನ್ ಅಡೆನೊಸಿನ್ ಕೂರುವ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಅದು ಕೆಲಸ ಶುರುಮಾಡಲು ಅರ್ಧ ಗಂಟೆ ಹಿಡಿಯುತ್ತದೆ. ಹಾಗಾಗಿ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ತಕ್ಷಣ 15-20 ನಿಮಿಷ ಮಲಗಬೇಕು. ಜಾಸ್ತಿ ಹೊತ್ತು ಮಲಗಿದರೆ ಗಾಢ ನಿದ್ದೆಯಿಂದ ಏಳಬೇಕಾಗುತ್ತದೆ. ಆಗ ತಲೆ ಜಡವಾಗಿರುತ್ತದೆ, ತಿಳಿಯಾಗುವ ತನಕ ಓಡಿಸಬಾರದು. ಇಷ್ಟೆಲ್ಲ ಮಾಡಿದರೂ ಸಿಗುವುದು ಸ್ವಲ್ಪ ಸಮಯದ ಸಾಲ. ಮುಂದಿನ ಹತ್ತು ಗಂಟೆಗೆ ಅದು ಬರುವುದಿಲ್ಲ.

ಕಾನೂನುಗಳು ಗಂಟೆ ಎಣಿಸುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಯ ಮಿತಿ. ಅಮೆರಿಕದಲ್ಲಿ ಸರಕು ಸಾಗಿಸುವವರಿಗೆ 10 ಗಂಟೆ ಬಿಡುವಿನ ನಂತರ 11 ಗಂಟೆ ಚಾಲನೆ. ಇದು ಬೇಕೇ ಬೇಕು. ಆದರೆ ಈ ಮಿತಿಗಳು ಬೆಳಗಿನ 10 ಗಂಟೆಯನ್ನೂ ರಾತ್ರಿಯ 3 ಗಂಟೆಯನ್ನೂ ಒಂದೇ ತೂಕದಲ್ಲಿ ಎಣಿಸುತ್ತವೆ. ಮೈಯೊಳಗಿನ ಗಡಿಯಾರ ಹಾಗೆ ಎಣಿಸುವುದಿಲ್ಲ.

ಆದ್ದರಿಂದ ದಣಿವಿನ ಬಹುಪಾಲು ಹುಟ್ಟುವುದು ಆಫೀಸಿನಲ್ಲಿ, ಡ್ಯೂಟಿ ಹಾಕುವ ಮೇಜಿನ ಮೇಲೆ ಎಂಬುದು ನನ್ನ ಅಭಿಪ್ರಾಯ. ಲೋಡಿಂಗ್ ಜಾಗದಲ್ಲಿ 'ಇನ್ನೇನು ನಿಮ್ಮ ಸರದಿ' ಎಂದು ನಾಲ್ಕು ಗಂಟೆ ಕಾಯಿಸುತ್ತಾರೆ. ಅದನ್ನು ವಿಶ್ರಾಂತಿ ಎಂದು ಬರೆದುಕೊಳ್ಳುವವರೂ ಇದ್ದಾರೆ. ಯಾವಾಗ ಕರೆಯುತ್ತಾರೋ ಗೊತ್ತಿಲ್ಲದೆ ಯಾರು ತಾನೇ ಮಲಗುತ್ತಾರೆ? ಮಲಗಿದ ಚಾಲಕರಿಗೆ ಫೋನ್ ಮಾಡಿ 'ಎಲ್ಲಿದ್ದೀರಿ' ಎಂದು ಕೇಳುವುದೂ ಇದೇ ಜಾತಿಯದು. ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ, ನಿಲ್ಲಿಸಿದ ಪ್ರತಿ ಗಂಟೆಯೂ ಚಾಲಕರ ಜೇಬಿನಿಂದಲೇ ಹೋಗುತ್ತದೆ. 'ಇವತ್ತು ಆಗಲ್ಲ' ಎಂದವರ ಮುಂದಿನ ಟ್ರಿಪ್ ಕೈತಪ್ಪುವಂತಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಶಿಫ್ಟ್ ಬದಲಾಯಿಸುವ ದಿಕ್ಕೂ ಮುಖ್ಯ. ಬಹುತೇಕರ ಒಳಗಡಿಯಾರ 24 ಗಂಟೆಗಿಂತ ತುಸು ಉದ್ದ. ಹಾಗಾಗಿ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಬೆಳಿಗ್ಗೆ, ಸಂಜೆ, ರಾತ್ರಿ ಎಂಬ ಕ್ರಮದಲ್ಲಿ ಪಾಳಿ ಮುಂದೆ ಸರಿದರೆ ಮೈ ತಡೆದುಕೊಳ್ಳುತ್ತದೆ, ಹಿಂದಕ್ಕೆ ಸರಿದರೆ ಒದ್ದಾಡುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಜೋರು ಗೊರಕೆ, ಹಗಲಿಡೀ ಮಂಪರು ಇದ್ದವರಿಗೆ ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ಈ ತೊಂದರೆ ಇದ್ದರೆ ಎಂಟು ಗಂಟೆ ಮಲಗಿದರೂ ದಣಿವು ಹೋಗದು. ಇದಕ್ಕೆ ಚಿಕಿತ್ಸೆ ಇದೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇರುವ ಕಡೆ ಮಾತ್ರ ಯಾರೂ ತಪಾಸಣೆಗೆ ಬರುವುದಿಲ್ಲ.

ಈಗ ರೆಪ್ಪೆ ಮುಚ್ಚುವುದನ್ನು ಗಮನಿಸಿ ಕೂಗುವ ಕ್ಯಾಮೆರಾಗಳು ಬಂದಿವೆ. ಇರಲಿ, ಒಳ್ಳೆಯದೇ. ಆದರೆ ಅದು ಕೂಗುವ ಹೊತ್ತಿಗೆ ನಿದ್ದೆ ಆಗಲೇ ಬಂದಾಗಿರುತ್ತದೆ. ಕೂಗಿದ ಮೇಲೆ ಏನು ಮಾಡಬೇಕು ಎಂಬುದನ್ನು ಕಂಪನಿ ಮೊದಲೇ ಬರೆದಿಡಬೇಕು: ಯಾರಿಗೆ ತಿಳಿಸುವುದು, ಎಲ್ಲಿ ನಿಲ್ಲಿಸುವುದು, ತಡವಾದರೆ ಗ್ರಾಹಕರಿಗೆ ಯಾರು ಹೇಳುವುದು. ಹಗಲು ಹೊತ್ತಿನಲ್ಲೇ ಬರೆದಿಡಬೇಕು. ಯಾಕೆಂದರೆ ಬೆಳಗಿನ 4 ಗಂಟೆಗೆ ಆ ಫೋನ್ ಎತ್ತುವ ರಾತ್ರಿಪಾಳಿಯ ಸಿಬ್ಬಂದಿಯೂ ಚಾಲಕರಷ್ಟೇ ದಣಿದಿರುತ್ತಾರೆ.